ಗೇಟ್ ಬಿದ್ದರೆ ಮುಚ್ಚೋದು ಯಾರ ಅಂಗಡಿ?

1/7
ಮೊನ್ನೆ ಕ್ಲಾಸಲ್ಲಿ ಕೋವಿಡ್ ಕಾಲದ ಮಾತು ಬಂತು. ಒಬ್ಬ ಹೇಳಿದ, "ಆಗ ಕೇರಳ ಗಡಿ ಬಂದ್ ಮಾಡಿದ್ದೇ ಒಳ್ಳೇದಾಯ್ತು ಮಾರಾಯ. ಇನ್ನೂ ಸ್ವಲ್ಪ ದಿನ ಹಾಗೇ ಇಡಬೇಕಿತ್ತು." ನಾಲ್ಕೈದು ಜನ ಹೌದು ಹೌದು ಅಂದ್ರು. ನಾನು ಕರಿಕೆಯವನು. ಉತ್ತರ ಗಂಟಲವರೆಗೆ ಬಂತು, ಬಾಯಿಗೆ ಬರಲಿಲ್ಲ. ಮನೆಗೆ ಬಂದ್ಮೇಲೆ ಬರೆಯೋಕೆ ಕೂತೆ. ಏಳು ಪೋಸ್ಟ್ ಆಯ್ತು. ಬೈಯೋದಿದ್ರೆ ಏಳನ್ನೂ ಓದಿ ಆಮೇಲೆ ಬೈಯಿರಿ.

ಫೋಟೋದಲ್ಲಿರೋದು ಚೆಂಬೇರಿ. ಈ ಕಡೆ ಕೊಡಗು, ಆ ಕಡೆ ಕಾಸರಗೋಡು. ಮಧ್ಯೆ ಹೊಳೆ ಹರಿಯೋದಾಗಲಿ, ಬೆಟ್ಟ ನಿಂತಿರೋದಾಗಲಿ ಏನೂ ಇಲ್ಲ, ಒಂದು ಗೇಟ್ ಇದೆ ಅಷ್ಟೆ. ನಮ್ಮ ಊರಿನ ವ್ಯಾಪಾರ ಇಡೀ ಆ ಗೇಟಿನ ಕೆಳಗೆ ನುಸುಳಿ ಹೋಗಿ ಬರುತ್ತೆ.

ನನ್ನ ಮಾತು ಇಷ್ಟೇ: ರೋಗ ತಡೆಯೋಕೆ ಗಡಿಯಲ್ಲಿ ತಪಾಸಣೆ ಮಾಡಿ, ಬೇಡ ಅನ್ನಲ್ಲ. ಆದ್ರೆ ಗಡಿ ಮುಚ್ಚಿ, ಅದರ ಖರ್ಚನ್ನ ಗಡಿಯಲ್ಲಿ ಬದುಕೋ ಸಣ್ಣ ವ್ಯಾಪಾರಿ ತಲೆಗೆ ಕಟ್ಟಿದ್ದು ಅನ್ಯಾಯ. ಮುಂದಿನ ಸಲವೂ ಹಾಗೇ ಮಾಡಿದ್ರೆ ಅದು ತಿಳಿದೂ ಮಾಡಿದ ಅನ್ಯಾಯ.

2/7
ಮೊದಲು ಊರು ಎಲ್ಲಿದೆ ನೋಡಿ. ಮ್ಯಾಪ್ ತೆಗೀರಿ.

ಕರಿಕೆ ಮಡಿಕೇರಿ ತಾಲ್ಲೂಕಿನ ಊರು. ಮಡಿಕೇರಿಗೆ ಹೋಗ್ಬೇಕಂದ್ರೆ ಕಾಡಿನ ಘಾಟಿ ಹತ್ತಿ ಭಾಗಮಂಡಲ, ಅಲ್ಲಿಂದ ಮುಂದೆ ಮತ್ತೆ ಅಷ್ಟು ದೂರ. ಒಟ್ಟು 60 ಕಿ.ಮೀ.ಗೂ ಹೆಚ್ಚು. ಮಳೆಗಾಲದಲ್ಲಿ ಬರೆ ಕುಸಿದ್ರೆ, ಮರ ಬಿದ್ರೆ, ಅದೂ ಇಲ್ಲ. ಈ ಕಡೆ ಪಾಣತ್ತೂರು ಪಕ್ಕದಲ್ಲೇ ಇದೆ. ಅಲ್ಲಿಂದ ಕೆಳಗಿಳಿದ್ರೆ ಕಾಞಂಗಾಡು: ರೈಲು, ಹೋಲ್‌ಸೇಲ್ ಅಂಗಡಿ, ಆಸ್ಪತ್ರೆ ಎಲ್ಲ ಅಲ್ಲೇ.

ಇನ್ನೊಂದು ತಮಾಷೆ ಕೇಳಿ. ನಮ್ಮದೇ ರಾಜ್ಯದ ಸುಳ್ಯಕ್ಕೆ ಹೋಗೋಕೂ ಕರಿಕೆಯವರು ಪಾಣತ್ತೂರು ಮೇಲೇ ಹೋಗ್ತಾರೆ. ಅಂದ್ರೆ ಕರ್ನಾಟಕದಿಂದ ಕರ್ನಾಟಕಕ್ಕೆ ಕೇರಳದ ದಾರಿ. ಗೇಟ್ ಬಿದ್ರೆ ನಮಗೆ ಕೇರಳ ಮಾತ್ರ ಅಲ್ಲ, ಅರ್ಧ ಕರ್ನಾಟಕವೂ ಬಂದ್.

ಇದು ಇವತ್ತಿನ ಕಥೆಯೂ ಅಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ಕೊಡಗು ತಾನೇ ಒಂದು ರಾಜ್ಯ, ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಆ ದಿನ ಕೊಡಗು ಮೈಸೂರಿಗೆ ಸೇರ್ತು, ಕಾಸರಗೋಡು ಕೇರಳಕ್ಕೆ ಹೋಯ್ತು. ಗೆರೆ ಕಾಗದದ ಮೇಲೆ ಬದಲಾಯ್ತು. ನೆಂಟಸ್ತಿಕೆ, ಸಂತೆ, ಸಾಲ, ಕೂಲಿ ಯಾವುದೂ ಬದಲಾಗಲಿಲ್ಲ. ನಮ್ಮಲ್ಲಿ ಒಂದೇ ಜಗಲಿಯಲ್ಲಿ ಅರೆಭಾಷೆ, ಕನ್ನಡ, ಮಲಯಾಳ ಮೂರೂ ಕೇಳುತ್ತೆ. ಅಂಗಡಿಯವನು ಗಿರಾಕಿಯ ಮುಖ ನೋಡಿ ಭಾಷೆ ಬದಲಾಯಿಸ್ತಾನೆ, ರೇಟ್ ಬದಲಾಯಿಸಲ್ಲ.

3/7
2020ರ ಮಾರ್ಚ್. ಕಾಸರಗೋಡಲ್ಲಿ ಕೇಸ್ ಏರ್ತಿತ್ತು. ಕೊಡಗಲ್ಲೂ ದುಬೈಯಿಂದ ಬಂದ ಒಬ್ಬರಿಗೆ ಸೋಂಕು ಸಿಕ್ಕಿತ್ತು. ಭಯ ಸುಳ್ಳಾಗಿರಲಿಲ್ಲ, ನಮ್ಮ ಮನೆಯಲ್ಲೂ ಇತ್ತು. ಕಾಸರಗೋಡಿನವರೂ ತಮ್ಮ ಕಡೆಯಿಂದ ಹಲವು ಗಡಿ ರಸ್ತೆ ಮುಚ್ಚಿದ್ರು. ಹಾಗಾಗಿ ಇದು ಕರ್ನಾಟಕವನ್ನ ಮಾತ್ರ ಬೈಯೋ ಪೋಸ್ಟ್ ಅಲ್ಲ.

ಆದ್ರೆ ನಮ್ಮ ಸರ್ಕಾರ ಮಾಡಿದ್ದೇನು? ಮಾಕುಟ್ಟದಲ್ಲಿ, ದಕ್ಷಿಣ ಕನ್ನಡದ ಗಡಿ ರಸ್ತೆಗಳಲ್ಲಿ ಮಣ್ಣು ತಂದು ಸುರಿದ್ರು. ಗೇಟ್ ಆದ್ರೆ ಯಾರಾದ್ರೂ ಎತ್ತಬಹುದು, ತಡೆದ ಪೊಲೀಸರ ಹತ್ರ ಮಾತಾಡಬಹುದು. ಮಣ್ಣಿನ ಗುಡ್ಡೆ ಹತ್ರ ಏನು ಮಾತಾಡೋದು? ತಲಪಾಡಿಯಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳನ್ನೇ ವಾಪಸ್ ಕಳಿಸಿದ್ರು. ಸತ್ತವರೂ ಇದ್ದಾರೆ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ರಸ್ತೆ ತೆರವು ಮಾಡಿಸಿ ಅಂತ ಕೇಂದ್ರಕ್ಕೆ ಹೇಳ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ಕ್ಕೆ ತುರ್ತು ರೋಗಿಗಳನ್ನ ಬಿಡೋ ಒಪ್ಪಂದ ಆಯ್ತು.

ಗಮನಿಸಿ, ಆ ಜಗಳ ಆಂಬುಲೆನ್ಸಿಗೆ. ಸರಿಯಾದದ್ದೇ, ಜೀವ ಮೊದಲು. ಆದ್ರೆ ವ್ಯಾಪಾರದ ಬಗ್ಗೆ ಯಾರೂ ಕೋರ್ಟಿಗೆ ಹೋಗಲಿಲ್ಲ ಅಂತ ವ್ಯಾಪಾರಕ್ಕೆ ಏನೂ ಆಗಲಿಲ್ಲ ಅಂತಲ್ಲ. ಚಿಲ್ಲರೆ ಅಂಗಡಿ ಸಾಯೋದಕ್ಕೆ ಆಂಬುಲೆನ್ಸ್ ಬರಲ್ಲ. ಒಂದು ದಿನ ಶಟರ್ ಎಳೆದಿರುತ್ತೆ, ಆಮೇಲೆ ಅದು ತೆಗಿಯಲ್ಲ. ಅಷ್ಟೆ.

4/7
"ಸಾಮಾನಿನ ಲಾರಿ ಬಿಟ್ಟಿದ್ರಲ್ಲಾ?" ಅಂತ ಕೇಳ್ತೀರಿ. ಬಿಟ್ಟಿದ್ರು. ಯಾರ ಲಾರಿ? ಜಿಎಸ್‌ಟಿ ಬಿಲ್ಲು, ಪಾಸು, ಹೆದ್ದಾರಿ ಇರೋ ದೊಡ್ಡವರ ಲಾರಿ. ನಮ್ಮಲ್ಲಿ ಸಾಮಾನು ಲಾರಿಯಲ್ಲಿ ಬರಲ್ಲ. ಜೀಪಿನ ಹಿಂದೆ, ಬೈಕಿನ ಮುಂದೆ, ತಲೆ ಮೇಲೆ ಬರುತ್ತೆ. ನಾಲ್ಕು ನೇಂದ್ರ ಬಾಳೆಗೊನೆಗೆ ಯಾರು ಪಾಸ್ ಕೊಡ್ತಾರೆ? ಗೊನೆ ಹಣ್ಣಾಗೋಕೆ ಅರ್ಜಿ ಹಾಕಿ ಕಾಯುತ್ತಾ?

ರಬ್ಬರ್ ಲೆಕ್ಕ ನೋಡಿ. ಎಲೆ ಉದುರೋ ಕಾಲ ಕಳೆದು ಮಾರ್ಚ್-ಏಪ್ರಿಲ್‌ನಲ್ಲಿ ಮತ್ತೆ ಟ್ಯಾಪಿಂಗ್ ಶುರು ಮಾಡೋ ಹೊತ್ತು. ಮಳೆ ಹಿಡಿಯೋ ಮುಂಚೆ ಮರಕ್ಕೆ ಪ್ಲಾಸ್ಟಿಕ್ ಕಟ್ಟಬೇಕು, ಅದಕ್ಕೆ ಅಂಟು ಬೇಕು. ಹಾಲು ಹೆಪ್ಪು ಹಾಕೋಕೆ ಆಸಿಡ್ ಬೇಕು. ನಮಗೆ ಅದೆಲ್ಲ ಸಿಗೋದು ಗೇಟಿನ ಆಚೆ. ಟ್ಯಾಪ್ ಮಾಡೋ ಕೈಗಳೂ ಎಷ್ಟೋ ಆಚೆಯವು. ಕೊಳ್ಳೋ ವ್ಯಾಪಾರಿಯೂ ಆಚೆ. ಏಪ್ರಿಲ್-ಮೇನಲ್ಲಿ ಪ್ಲಾಸ್ಟಿಕ್ ಕಟ್ಟದಿದ್ರೆ ಮಳೆಗಾಲದ ಟ್ಯಾಪಿಂಗ್ ಹೋಯ್ತು. ಅಂದ್ರೆ ಎರಡು ತಿಂಗಳು ಬಿದ್ದ ಗೇಟ್ ಆರು ತಿಂಗಳ ದುಡಿಮೆ ತಿನ್ನುತ್ತೆ.

ಗೇರುಬೀಜವೂ ಅದೇ ತಿಂಗಳುಗಳದ್ದು. ಅಡಿಕೆ, ಶೀಟು ಆದ್ರೆ ಮನೆಯಲ್ಲಿ ಇಟ್ಟು ಕಾಯಬಹುದು ಅಂತೀರಿ. ಯಾರು ಕಾಯಬಹುದು? ಹೊಟ್ಟೆಗಿದ್ದವನು. ಕೈಸಾಲ ಇರೋನು ಕಾಯೋಕಾಗಲ್ಲ, ಬಾಗಿಲಿಗೆ ಬಂದ ಒಬ್ಬನೇ ದಲ್ಲಾಳಿ ಹೇಳಿದ ರೇಟಿಗೆ ಕೊಡ್ತಾನೆ. ಗಡಿ ತೆರೆದಿದ್ದಾಗ ರೇಟ್ ಸರಿಯಿಲ್ಲ ಅಂದ್ರೆ "ಪಾಣತ್ತೂರಿಗೆ ಹಾಕ್ತೇನೆ" ಅಂತ ಹೇಳಬಹುದಿತ್ತು. ನಮ್ಮ ಚೌಕಾಸಿಯ ಬಲ ಇದ್ದಿದ್ದೇ ಆ ಒಂದು ಮಾತಲ್ಲಿ. ಗೇಟ್ ಬಿದ್ದ ದಿನ ಅದೂ ಹೋಯ್ತು.

5/7
ಇನ್ನು ಅಂಗಡಿ. ನನ್ನ ಮಾವನದ್ದು ದಿನಸಿ ಅಂಗಡಿ. ವ್ಯಾಪಾರ ಅಂದ್ರೆ ಅರ್ಧ ದುಡ್ಡು, ಅರ್ಧ ಪುಸ್ತಕ. ಪುಸ್ತಕದಲ್ಲಿ ಬರೆಸಿಕೊಂಡವರು ಬಹಳ ಜನ ಆಚೆಯವರು; ಶನಿವಾರ ಕೂಲಿ ಸಿಕ್ಕಿದ್ಮೇಲೆ ಬಂದು ತೀರಿಸ್ತಿದ್ರು. ಮಾವನಿಗೆ ಸಾಮಾನು ಕೊಡೋ ಹೋಲ್‌ಸೇಲಿನವರೂ ಆಚೆಯವರೇ, ಅವರಿಗೆ ಮಾವ ಸೋಮವಾರ ಕೊಡ್ತಿದ್ರು. ಶನಿವಾರದ ದುಡ್ಡು ಸೋಮವಾರ ಹೋಗೋದು, ಅದೇ ಬಂಡವಾಳ. ಗೇಟ್ ಬಿದ್ದಾಗ ಬರೋದೂ ನಿಂತ್ತು, ಕೊಡೋದೂ ನಿಂತ್ತು. ಮೊದಲನೇದು ನಷ್ಟ, ಎರಡನೇದು ಮರ್ಯಾದೆ. ಮಾವನಿಗೆ ನಿದ್ದೆ ಕೆಟ್ಟಿದ್ದು ಎರಡನೇದಕ್ಕೆ.

ಲಾಕ್‌ಡೌನ್ ಎಲ್ಲರಿಗೂ ಇತ್ತು ಅಂತೀರಿ. ನಿಜ. ಆದ್ರೆ ಮಡಿಕೇರಿ ಅಂಗಡಿಗೆ ಲಾಕ್‌ಡೌನ್ ಮುಗಿದಾಗ ಗಿರಾಕಿ ವಾಪಸ್ ಬಂದ್ರು. ನಮಗೆ ಲಾಕ್‌ಡೌನ್ ಬೇರೆ, ಗಡಿ ಬೇರೆ. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರೋರಿಗೆ 72 ಗಂಟೆ ಒಳಗಿನ ಆರ್‌ಟಿ-ಪಿಸಿಆರ್ ರಿಪೋರ್ಟ್ ಬೇಕು ಅಂದ್ರು. ದಕ್ಷಿಣ ಕನ್ನಡದಲ್ಲಿ ನಾಲ್ಕು ದಾರಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿದ್ರು. ಆಗಸ್ಟ್‌ನಲ್ಲಿ ಲಸಿಕೆ ಹಾಕಿಸಿಕೊಂಡಿದ್ರೂ ರಿಪೋರ್ಟ್ ಬೇಕು ಅಂದ್ರು, ಮೇಲಿಂದ ಕೊಡಗೂ ಸೇರಿ ಗಡಿ ಜಿಲ್ಲೆಗಳಿಗೆ ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ವಾರಾಂತ್ಯ ಕರ್ಫ್ಯೂ. ಶನಿವಾರ ಹೋಯ್ತಲ್ಲ, ಮಾವನ ಪುಸ್ತಕದ ಶನಿವಾರ!

ದಿನಾ ಓಡಾಡೋರಿಗೆ ಸ್ವಲ್ಪ ಸಡಿಲ ಇತ್ತು, ಒಪ್ತೇನೆ. ಆದ್ರೆ ಅಂಗಡಿಗೆ ಬರೋ ಗಿರಾಕಿ ದಿನಾ ಓಡಾಡೋನಲ್ಲ. ಕೇರಳದ ಖಾಸಗಿ ಲ್ಯಾಬಲ್ಲಿ ಆಗ ಟೆಸ್ಟಿಗೆ 500 ರೂಪಾಯಿ. ಎರಡು ಕಿಲೋ ಸಕ್ಕರೆ, ಒಂದು ಸೋಪಿಗೆ 500 ರೂಪಾಯಿಯ ರಿಪೋರ್ಟ್ ಹಿಡಿದು ಯಾರು ಬರ್ತಾರೆ? ಯಾರೂ ಬರಲಿಲ್ಲ. ಕಾಗದದಲ್ಲಿ ಗಡಿ ತೆರೆದಿತ್ತು. ಅಂಗಡಿ ಮುಂದೆ ಮುಚ್ಚಿತ್ತು.

6/7
ಈಗ ನಿಮ್ಮ ಮೂರು ಮಾತಿಗೆ ಉತ್ತರ.

ಒಂದು: "ನಮ್ಮ ದುಡ್ಡು ಕೇರಳಕ್ಕೆ ಹೋಗೋದು ನಿಂತ್ತಲ್ಲ." ಅಯ್ಯೋ, ಕೇರಳದ ದುಡ್ಡು ನಮ್ಮಲ್ಲಿಗೆ ಬರೋದೂ ನಿಂತ್ತು! ನಮ್ಮ ರಬ್ಬರ್, ಅಡಿಕೆ, ಕಾಳುಮೆಣಸು ಅಲ್ಲಿ ಮಾರಿ ಬಂದ ದುಡ್ಡಲ್ಲೇ ನಾವು ಇಲ್ಲಿ ಅಕ್ಕಿ ತಗೊಳ್ಳೋದು. ಅಡಿಕೆ ಬೆಳೆಗಾರರಿಗೆ ಇದು ಗೊತ್ತಿದ್ದಕ್ಕೇ 1973ರಲ್ಲಿ ಕ್ಯಾಂಪ್ಕೋ ಕಟ್ಟಿದಾಗ ಕರ್ನಾಟಕ-ಕೇರಳ ಎರಡೂ ರಾಜ್ಯಕ್ಕೆ ಸೇರಿಸಿ ಒಂದೇ ಸಹಕಾರಿ ಸಂಸ್ಥೆ ಕಟ್ಟಿದ್ರು. ಮರಕ್ಕೆ ಗಡಿ ಗೊತ್ತಿಲ್ಲ ಅಂತ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು.

ಎರಡು: "ಸರ್ಕಾರಕ್ಕೆ ಮುಚ್ಚೋ ಅಧಿಕಾರ ಇದೆ." ನಿರ್ಬಂಧ ಹಾಕೋ ಅಧಿಕಾರ ಇದೆ, ಅದು ಹಿಡಿತದಲ್ಲಿರಬೇಕು. ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರ, ಓಡಾಟ ಮುಕ್ತ ಅನ್ನುತ್ತೆ; ಸಾರ್ವಜನಿಕ ಹಿತಕ್ಕಾಗಿ ಸಮಂಜಸ ನಿರ್ಬಂಧಕ್ಕೆ ಮಾತ್ರ ದಾರಿ ಬಿಡುತ್ತೆ. 2020ರ ಆಗಸ್ಟ್ 22ರಂದು ಕೇಂದ್ರ ಗೃಹ ಕಾರ್ಯದರ್ಶಿಯೇ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಜನ ಮತ್ತು ಸರಕಿನ ಓಡಾಟ ತಡೀಬೇಡಿ, ಉದ್ಯೋಗಕ್ಕೆ ಪೆಟ್ಟು ಬೀಳುತ್ತೆ ಅಂದಿದ್ರು. 2017ರಲ್ಲಿ ಜಿಎಸ್‌ಟಿ ಬಂದಾಗ "ಒಂದು ದೇಶ, ಒಂದು ತೆರಿಗೆ" ಅಂತ ತೆರಿಗೆ ಚೆಕ್‌ಪೋಸ್ಟ್ ಎಲ್ಲ ತೆಗೆದ್ರಲ್ಲ? ತೆರಿಗೆ ಕೊಡೋವಾಗ ಒಂದು ದೇಶ, ಗೊನೆ ಮಾರೋವಾಗ ಎರಡಾ?

ಮೂರು: "ಮುಚ್ಚದೆ ಬೇರೆ ದಾರಿ ಇರಲಿಲ್ಲ." ಇತ್ತು. ಯುರೋಪಲ್ಲಿ ಬೇರೆ ಬೇರೆ ದೇಶಗಳೇ ಗಡಿ ಬಿಗಿ ಮಾಡಿದಾಗ, 2020ರ ಮಾರ್ಚ್ 23ಕ್ಕೆ ಅಲ್ಲಿನ ಆಯೋಗ ಸರಕು ವಾಹನಕ್ಕೆ ಪ್ರತ್ಯೇಕ ಹಸಿರು ದಾರಿ ಮಾಡಿ, 15 ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬೇಡಿ ಅಂತು. ಅಷ್ಟು ದೂರ ಯಾಕೆ? 2023ರಲ್ಲಿ ಕೋಝಿಕ್ಕೋಡಲ್ಲಿ ನಿಫಾ ಬಂದಾಗ ನಮ್ಮದೇ ಸರ್ಕಾರ ಕೊಡಗು ಸೇರಿ ಗಡಿ ಜಿಲ್ಲೆಗಳಲ್ಲಿ ಜ್ವರ ತಪಾಸಣೆ ಮಾಡಿಸ್ತು, ಅನಗತ್ಯ ಪ್ರಯಾಣ ಬೇಡ ಅಂತು. ಮಣ್ಣು ಸುರೀಲಿಲ್ಲ. ಆಗ ಆಗಿದ್ದು ಮತ್ತೆ ಯಾಕಾಗಲ್ಲ?

7/7
ಕೊನೇದು. 2020ರ ಮೇನಲ್ಲಿ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿ ಪ್ಯಾಕೇಜ್ ಕೊಟ್ಟಿತು. ಹೂ ಬೆಳೆಗಾರರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ-ಟ್ಯಾಕ್ಸಿ ಚಾಲಕರಿಗೆ. ಒಳ್ಳೇದೇ. ಅದರಲ್ಲಿ ಗಡಿ ಅಂಗಡಿಯವರು ಅಂತ ಒಂದು ಸಾಲು ಇರಲಿಲ್ಲ. ರೋಗದಿಂದ ಎಲ್ಲರೂ ಕೂತ್ರು. ಸರ್ಕಾರದ ಆದೇಶದಿಂದ ಇನ್ನೊಂದು ಸಲ, ಮತ್ತೊಂದು ಸಲ ಕೂತವರು ನಾವು. ಎಲ್ಲರ ಸುರಕ್ಷತೆಗಾಗಿ ಗೇಟ್ ಹಾಕಿದ್ದಾದ್ರೆ, ಅದರ ಬೆಲೆಯನ್ನೂ ಎಲ್ಲರೂ ಸೇರಿ ಕೊಡಬೇಕಲ್ವಾ?

ನಾವು ಕೇಳೋದು ಐದು:
➡️ ಗೇಟ್ ಹಾಕೋ ಮುಂಚೆ ಕೊಡಗು, ಕಾಸರಗೋಡು ಎರಡೂ ಜಿಲ್ಲಾಧಿಕಾರಿಗಳು ಕೂತು ಮಾತಾಡಲಿ. ಎರಡು ದಿನದ ಮುನ್ಸೂಚನೆ ಕೊಡಲಿ.
➡️ ಗಡಿಯ ಎರಡೂ ಕಡೆ ಪಂಚಾಯಿತಿಯವರಿಗೆ ಒಂದು ಓಡಾಟದ ಚೀಟಿ. ಪಂಚಾಯಿತಿಯೇ ಕೊಡಲಿ.
➡️ ಟೆಸ್ಟ್ ಬೇಕಾದ್ರೆ ಗೇಟಲ್ಲೇ, ಉಚಿತವಾಗಿ.
➡️ ಜೀಪ್, ಬೈಕಲ್ಲಿ ಬರೋ ಬೆಳೆಗೂ ದಾರಿ. ಲಾರಿಗೆ ಮಾತ್ರ ಅಲ್ಲ.
➡️ ಮುಚ್ಚೋ ಆದೇಶದಲ್ಲೇ ತೆರೆಯೋ ದಿನ ಬರೆದಿರಲಿ. ಮುಂದುವರಿಸಿದ್ರೆ ಪರಿಹಾರ ಕೊಡಲಿ.

ಇದರಲ್ಲಿ ಯಾವುದಕ್ಕೆ ಕೋಟಿ ಬೇಕು ಹೇಳಿ ನೋಡೋಣ.

ಕ್ಲಾಸಲ್ಲಿ ಆ ಮಾತು ಹೇಳಿದ ಗೆಳೆಯಾ, ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಊರಿಂದ ಗಡಿ ಕಾಣಲ್ಲ, ಅದಕ್ಕೆ ಹಾಗೆ ಹೇಳಿದೆ. ರಜೆಯಲ್ಲಿ ಕರಿಕೆಗೆ ಬಾ. ಮಾವನ ಅಂಗಡಿ ಇನ್ನೂ ಇದೆ, ಆದ್ರೆ ಈಗ ಯಾರಿಗೂ ಬರೆದುಕೊಡಲ್ಲ, ಕೈಗೆ ದುಡ್ಡು ಬಂದ್ರೆ ಮಾತ್ರ ಸಾಮಾನು. ಹಳೇ ಪುಸ್ತಕ ಗಲ್ಲಾ ಪೆಟ್ಟಿಗೆ ಕೆಳಗಿದೆ. ಅದರಲ್ಲಿ ಆಚೆಯ ಎಷ್ಟು ಹೆಸರಿನ ಮುಂದೆ ಇನ್ನೂ ಗೀಟು ಬಿದ್ದಿಲ್ಲ ಅಂತ ನೀನೇ ಎಣಿಸು. ಆಮೇಲೂ ಗೇಟ್ ಹಾಗೇ ಇಡಬೇಕಿತ್ತು ಅನ್ನಿಸಿದ್ರೆ ಮಾವನ ಮುಂದೆ ಕೂತು ಹೇಳು. ಚಹಾ ನಾನು ಕೊಡಿಸ್ತೇನೆ.

ನಿಮ್ಮ ಊರಿನ ಗೇಟಿನ ಕಥೆ ಇದ್ರೆ ಕಮೆಂಟಲ್ಲಿ ಬರೀರಿ. ತಲಪಾಡಿ, ಮಾಕುಟ್ಟ, ಕುಟ್ಟ, ಜಾಲ್ಸೂರಿನವರೇ, ನೀವು ಸುಮ್ಮನಿರಬೇಡಿ.

#ಕರಿಕೆ #ಚೆಂಬೇರಿ #ಪಾಣತ್ತೂರು #ಕೊಡಗು #ಕಾಸರಗೋಡು #ಗಡಿಅಂಗಡಿ #ಗೇಟ್‌ತೆಗೀರಿ