ಮುಪ್ಪಿನಲ್ಲಿ ಬೀಳುವುದು ಹಣೆಬರಹವಲ್ಲ

ಹೊಲದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಊರೇ ಓಡಿಬರುತ್ತದೆ. ಅಜ್ಜಿ ಬಚ್ಚಲಲ್ಲಿ ಬಿದ್ದರೆ ಮಾತ್ರ "ವಯಸ್ಸಾಯ್ತು, ಕಾಲು ಜಾರಿತು" ಎಂದು ಎಣ್ಣೆ ತಿಕ್ಕಿ ಮಲಗಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಇವರಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು.

ಬಡವರ ಮನೆಯನ್ನು ಒಮ್ಮೆ ನೋಡಿರಿ. ಎತ್ತರದ ಹೊಸ್ತಿಲು, ಪಾಚಿಗಟ್ಟಿದ ಬಚ್ಚಲು, ಸವೆದ ಚಪ್ಪಲಿ, ರಾತ್ರಿ ಹೊರಗೆ ಹೋಗಲು ದೀಪವಿಲ್ಲದ ದಾರಿ. ನಮ್ಮ ಕರಜಗಿ ಭಾಗದ ಎರೆಮಣ್ಣು ಮಳೆ ಬಿದ್ದರೆ ಬೆಣ್ಣೆಯಂತೆ ಜಾರುತ್ತದೆ. ಮಕ್ಕಳು ಸೊಲ್ಲಾಪುರಕ್ಕೋ ಪುಣೆಗೋ ದುಡಿಯಲು ಹೋದಮೇಲೆ ಬಿದ್ದವರನ್ನು ಎತ್ತುವವರೂ ಇರುವುದಿಲ್ಲ. ಸೊಂಟದ ಮೂಳೆ ಮುರಿದರೆ ಆಪರೇಷನ್ನಿನ ಖರ್ಚಿಗೆ ಎತ್ತನ್ನೋ ತೊಗರಿಯನ್ನೋ ಮಾರಬೇಕಾಗುತ್ತದೆ.

"ಜೀವಮಾನವಿಡೀ ಹೊಲದಲ್ಲಿ ದುಡಿದವರಿಗೆ ವ್ಯಾಯಾಮ ಏಕೆ ಸ್ವಾಮಿ?" ಎಂದು ಹಲವರು ಕೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಳೆದ ವರ್ಷದ ಮಳೆ ಈ ವರ್ಷದ ಬೆಳೆಗೆ ಸಾಲದು. ದುಡಿಮೆ ನಿಂತು ಹೊರಸು ಹಿಡಿದ ಕೆಲವೇ ವಾರಗಳಲ್ಲಿ ತೊಡೆಯ ಸ್ನಾಯು ಕರಗತೊಡಗುತ್ತದೆ. ಒಮ್ಮೆ ಬಿದ್ದವರಿಗೆ ಭಯ ಬೇರೆ. ಮಕ್ಕಳೂ ಸೊಸೆಯಂದಿರೂ ಪ್ರೀತಿಯಿಂದಲೇ "ಯವ್ವಾ, ನೀ ಏಳಬ್ಯಾಡ, ಸುಮ್ಮನ ಕೂಡು" ಎನ್ನುತ್ತಾರೆ. ಹೀಗೆ ಕೂಡಿಸಿ ಕೂಡಿಸಿಯೇ ನಾವು ಅವರ ಮುಂದಿನ ಬೀಳುವಿಕೆಗೆ ಹಾದಿ ಮಾಡುತ್ತೇವೆ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 80 ದಾಟಿದ ಮಹಿಳೆಯರಿಗೆ ಅವರ ಮನೆಯಲ್ಲೇ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಕಲಿಸಿ, ಅದರ ಫಲವನ್ನು 1997ರಲ್ಲಿ ಪ್ರಕಟಿಸಿದರು. ಮುಂದೆ ಇಂಥ ಹಲವು ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ ಬೀಳುವುದು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿತ್ತು. 2019ರಲ್ಲಿ ನಾನಾ ದೇಶಗಳ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದವರೂ ವ್ಯಾಯಾಮದಿಂದ ಬೀಳುವುದು ಶೇಕಡಾ 23ರಷ್ಟು ಕಡಿಮೆಯಾಗುತ್ತದೆ ಎಂದರು. ಎಂಬತ್ತರ ಮುದುಕಿಯ ಕಾಲಿಗೂ ಬಲ ಮರಳುತ್ತದೆಂಬುದು ನನಗೆ ಬಹಳ ಹಿಡಿಸಿದ ವಿಷಯ.

ಇದಕ್ಕೆ ಯಂತ್ರ ಬೇಡ. ಮನೆಯ ಕಂಬ ಹಿಡಿದು ಹತ್ತು ಸಲ ತುದಿಗಾಲ ಮೇಲೆ ಏಳಬೇಕು, ಆಮೇಲೆ ಹಿಮ್ಮಡಿಯ ಮೇಲೆ ನಿಲ್ಲಬೇಕು. ಗಟ್ಟಿ ಕುರ್ಚಿಯಿಂದ ಆದಷ್ಟು ಕೈ ಊರದೆ ಎದ್ದು ಕೂಡಬೇಕು. ಗೋಡೆಯ ಪಕ್ಕದಲ್ಲಿ ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ತಾಗಿಸಿ ನಡೆಯಬೇಕು, ಅಡ್ಡಡ್ಡ ನಡೆಯಬೇಕು. ಅರ್ಧ ಗಂಟೆಯಂತೆ ವಾರಕ್ಕೆ ಮೂರು ದಿನ. ಮೊದಮೊದಲು ಪಕ್ಕದಲ್ಲಿ ಒಬ್ಬರು ನಿಂತಿರಲಿ. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ಈಗಾಗಲೇ ಬಿದ್ದವರು, ರಕ್ತದೊತ್ತಡದ ಇಲ್ಲವೆ ನಿದ್ದೆಯ ಗುಳಿಗೆ ನುಂಗುವವರು ಮೊದಲು ವೈದ್ಯರನ್ನು ಕೇಳಬೇಕು. ಕಣ್ಣಿಗೆ ಪೊರೆ ಬಂದಿದ್ದರೆ ತೆಗೆಸಿಕೊಳ್ಳಿರಿ. ದಿನಾ ಗುಡಿಯ ತನಕ ನಡೆಯುತ್ತೇನೆ, ಅಷ್ಟು ಸಾಕು ಎನ್ನುವವರಿಗೂ ಒಂದು ಮಾತು: ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಬರೀ ನಡಿಗೆ ಬೀಳುವುದನ್ನು ತಪ್ಪಿಸುವುದಿಲ್ಲ. ಸಮತೋಲನದ ಅಭ್ಯಾಸ ಬೇಕೇಬೇಕು.

ಸರಕಾರ 2010ರಲ್ಲಿ ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿದೆ. ಇದನ್ನು ಕಲಿಸಿಕೊಡಿರಿ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಲು ಸಂಕೋಚಪಡಬೇಡಿರಿ. ದೇವಾಲಯದ ಪಡಸಾಲೆ ವಾರದ ದಿನಗಳಲ್ಲಿ ಖಾಲಿಯೇ ಇರುತ್ತದೆ. ಸಂಜೆಯ ಜಪಸರಕ್ಕೆ ಮೊದಲು ಅರ್ಧ ಗಂಟೆ ಅಲ್ಲಿ ಸೇರಬಹುದು. ಆದರೆ ಅಲ್ಲಿಗೆ ಬರುವವರು ಗಟ್ಟಿ ಇದ್ದವರೇ. ಒಂಟಿ ವಿಧವೆಯರು, ಅರವತ್ತೈದರಲ್ಲೂ ಕೂಲಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರು ಬರುವುದಿಲ್ಲ. ಒಟಾಗೊದವರು ಮನೆಮನೆಗೆ ಹೋದದ್ದು ಇದಕ್ಕೇ. ನಮ್ಮ ಯುವಕ ಯುವತಿಯರು ಇಬ್ಬಿಬ್ಬರಾಗಿ ಒಂದೊಂದು ಓಣಿ ಹಂಚಿಕೊಂಡರೆ ಸುಗ್ಗಿಗೆ ಮೊದಲೇ ಎಲ್ಲ ಮನೆ ಮುಟ್ಟಬಹುದು. ಹೆಸರು ಕೊಡುವವರು ಭಾನುವಾರ ಪೂಜೆಯ ನಂತರ ನನ್ನನ್ನು ಕಾಣಲಿ.