ರೊಕ್ಕ ನಂದು, ಗೇಮ್ ಯಾರದು?

1/5
(ಫೋಟೊ: ನನ್ನ ಡಬ್ಬಿ, ಬಾಜೂಕಿನ ಮುಚ್ಚಳ ತಗದದ್ದು. ಧೂಳ ನೋಡಿ ನಗಬ್ಯಾಡ್ರಿ)

ಹೋದ ವಾರ ಸ್ಟೋರಿಯಾಗ ಪೋಲ್ ಹಾಕಿದ್ದೆ. ಪಿಸಿಯೋ, ಪಿಎಸ್5ಓ? ಕ್ಲಾಸಿನ ಮುಕ್ಕಾಲು ಮಂದಿ ಪಿಎಸ್5 ಒತ್ತಿದ್ರಿ. ಒತ್ತಿದವರೊಳಗ ಒಬ್ಬರ ಮನಿಯಾಗೂ ಪಿಎಸ್5 ಇಲ್ಲ, ಅದು ಬ್ಯಾರೆ ಮಾತು. ಒಬ್ಬಾವ ಡಿಎಂ ಮಾಡಿದ: "ಲೇ, ನಿನ್ನ ಗುಜರಿಗಿಂತ ಕನ್ಸೋಲ್ ಭಾರಿ. ತಂದು ಟಿವಿಗೆ ಹಚ್ಚಿದ್ರ ಮುಗೀತು." ಅವನಿಗೆ ಒಂದ ಸಾಲಿನ್ಯಾಗ ಉತ್ತರ ಕೊಡಾಕ ಆಗಲಿಲ್ಲ. ಅದಕ್ಕ ಈ ಐದು ಪೋಸ್ಟ್.

ಮೊದಲ ಗುಜರಿ ಬಗ್ಗೆ. ಯಾವುದೋ ಆಫೀಸಿನ್ಯಾಗ ಟ್ಯಾಲಿ ಎಂಟ್ರಿ ಹೊಡದು ರಿಟೈರ್ ಆದ ಕಂಪ್ಯೂಟರ್ ಅದು, ಹುಬ್ಬಳ್ಳಿಯಿಂದ ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟ್ಕೊಂಡು ತಂದಿದ್ದು. ಐ5 4570, 2013ರ ಪ್ರೊಸೆಸರ್. ಒಂದು ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್, ಒಂದು ಜಿಟಿಎಕ್ಸ್ 1650. 1650ನ ಯಾಕಂದ್ರ, ಇಂಥಾ ಆಫೀಸ್ ಡಬ್ಬಿಗಳ ಪವರ್ ಸಪ್ಲೈ ಸಣ್ಣದು, ಕಾರ್ಡಿಗೆ ಕೊಡಾಕ ಬ್ಯಾರೆ ವೈರ್ ಇರಂಗಿಲ್ಲ. ಸಾದಾ 1650 ಮದರ್‌ಬೋರ್ಡಿನ ಸ್ಲಾಟಿನಿಂದ ಬರೋ 75 ವ್ಯಾಟ್‌ನ್ಯಾಗ ನಡೀತೈತಿ (ಎಲ್ಲಾ ಮಾಡೆಲ್ ಅಲ್ಲ, ನೋಡಿ ತಗೋರಿ). ಆರ್‌ಎಕ್ಸ್ 580 ಸೋವಿ ಸಿಗ್ತಿತ್ತು, ಆದ್ರ ಅದು 185 ವ್ಯಾಟ್ ಬೇಡ್ತೈತಿ. ಮ್ಯಾಲೆ, 2022ರ ಸೆಪ್ಟೆಂಬರ್‌ನ್ಯಾಗ ಇಥೀರಿಯಂ ಮೈನಿಂಗ್ ನಿಂತ ಮ್ಯಾಗ ಮಾರ್ಕೆಟ್‌ಗೆ ಬಂದ ಹಳೇ ಕಾರ್ಡ್‌ಗಳೊಳಗ ಎಷ್ಟೋ ಹಗಲೂ ರಾತ್ರಿ ಗಾಣದೆತ್ತಿನಂಗ ದುಡದವು.

ಒಟ್ಟು ಖರ್ಚು ಹದಿನೆಂಟು ಸಾವಿರದ ಒಳಗ. ಇನ್‌ಕಮ್ ಟ್ಯಾಕ್ಸ್ ಪ್ರಕಾರ ಕಂಪ್ಯೂಟರಿಗೆ ವರ್ಷಕ್ಕ 40 ಪರ್ಸೆಂಟ್ ಡಿಪ್ರಿಸಿಯೇಷನ್. ಮೂರು ವರ್ಷಕ್ಕ ಐದರಾಗ ಒಂದು ಪಾಲು ಉಳೀತೈತಿ. ಆ ಲೆಕ್ಕಕ್ಕ ನನ್ನ ಡಬ್ಬಿ ಎಂದೋ ಸತ್ತೈತಿ. ನಿನ್ನೆ ರಾತ್ರಿ ಸತ್ತದ್ದ ಜಿಟಿಎ 5 ಆಡ್ತು.

2/5
(ಫೋಟೊ: ನೋಟ್‌ಬುಕ್ಕಿನ ಕಡಿ ಪೇಜಿನ ಲೆಕ್ಕ)

ಕನ್ಸೋಲ್ ಮಂದಿಗೆ ನ್ಯಾಯವಾಗಿ ಒಂದು ಮಾತು ಒಪ್ಪಬೇಕು. 2021ರ ಫೆಬ್ರವರಿ 2ಕ್ಕ ಪಿಎಸ್5 ಭಾರತಕ್ಕ ಬಂದಾಗ ಡಿಸ್ಕ್ ಇದ್ದದ್ದು 49,990, ಡಿಸ್ಕ್ ಇಲ್ಲದ್ದು 39,990 ರೂಪಾಯಿ. ಆ ರೇಟಿಗೆ ಅಂಥಾ ತಾಕತ್ತಿನ ಪಿಸಿ ಕಟ್ಟಾಕ ಯಾರ ಕೈಲೂ ಆಗ್ತಿರಲಿಲ್ಲ. ಆಗ್ತೈತಿ ಅನ್ನೋ ಯೂಟ್ಯೂಬರ್ ಸುಳ್ಳು ಹೇಳಾಕತ್ತಾನ.

ಆದ್ರ ಡಬ್ಬಿ ತಂದಲ್ಲಿಗೆ ಮುಗಿಯಂಗಿಲ್ಲಲ್ಲ? ಸೋನಿಯ ದೊಡ್ಡ ಗೇಮ್ ಒಂದಕ್ಕ 4,999. ರೊಕ್ಕ ಕೊಟ್ಟು ತಂದ ಗೇಮನ್ನ ದೋಸ್ತರ ಜೋಡಿ ಆನ್‌ಲೈನ್ ಆಡಬೇಕಂದ್ರ ಪಿಎಸ್ ಪ್ಲಸ್ ಚಂದಾ ಬ್ಯಾರೆ. ಪಿಸಿಯಾಗ ಆ ಚಂದಾನ ಇಲ್ಲ. ಮತ್ತ ನನ್ನ ಡಬ್ಬಿ ಮುಂಜಾನೆ ಟ್ಯಾಲಿ, ಮಧ್ಯಾಹ್ನ ತಂಗಿಯ ಸ್ಕಾಲರ್‌ಶಿಪ್ ಫಾರ್ಮ್, ರಾತ್ರಿ ನಂದು. ಅಪ್ಪನ ಮುಂದ "ಪಿಎಸ್5 ಬೇಕು" ಅಂತ ನಿಂತು ನೋಡ್ರಿ. "ಓದಾಕ ಕಂಪ್ಯೂಟರ್ ಬೇಕು" ಅಂತ ನಿಂತು ನೋಡ್ರಿ. ಫರಕ್ ತಿಳೀತೈತಿ.

3/5
(ಫೋಟೊ: ಅಂಗಡಿಯಾಗ ನಾನು, ಕೈ ತುಂಬ ಭಂಡಾರ)

ಇದು ಭರತ ಹುಣ್ಣಿಮಿದು. ಮಾವನ ಅಂಗಡಿಯಾಗ ಕುಂಕುಮ, ಭಂಡಾರ, ಕಾಯಿ ಮಾರಿದೆ. ಗುಡ್ಡದ ಜಾತ್ರಿ ಅಂದ್ರ ಗೊತ್ತಲ್ಲ, ನಿಂತ ಕಾಲಿನ ಮ್ಯಾಲೆ ಮೂರು ದಿನ. ಮಾವ ಕೊಟ್ಟ ರೊಕ್ಕದಾಗ ಒಂದು ಶೂಟಿಂಗ್ ಗೇಮ್ ತಗೊಂಡೆ. ನನ್ನ ದುಡಿಮಿಯಿಂದ ತಗೊಂಡ ಮೊದಲನೇ ಗೇಮ್. ಹೆಸರು ಹೇಳಂಗಿಲ್ಲ. ಅದು ಆನ್‌ಲೈನ್ ಇದ್ರ ಅಷ್ಟ ನಡೀತಿತ್ತು. ವರ್ಷ ತುಂಬೋದ್ರಾಗ ಸರ್ವರ್ ಬಂದ್. ಲೈಬ್ರರಿಯಾಗ ಹೆಸರು ಇನ್ನೂ ಐತಿ, ಒತ್ತಿದ್ರ ತಿರಗತೈತಿ, ತಿರಗತೈತಿ, ಅಷ್ಟ.

"ನಿಂದೊಂದ ಏನೋ ಆಗಿರಬೇಕು" ಅಂತೀರಿ. ದಿ ಕ್ರೂ ಅಂತ ರೇಸಿಂಗ್ ಗೇಮ್, 2014ರಾಗ ಬಂದದ್ದು. ಒಬ್ಬನ ಆಡಿದ್ರೂ ನೆಟ್ ಬೇಕಿತ್ತು. 2024ರ ಮಾರ್ಚ್ 31ಕ್ಕ ಯೂಬಿಸಾಫ್ಟ್ ಸರ್ವರ್ ಬಂದ್ ಮಾಡ್ತು, ರೊಕ್ಕ ಕೊಟ್ಟವರೂ ಆಡಂಗಿಲ್ಲ. ಸೋನಿಯ ಕಾನ್ಕಾರ್ಡ್ ಅದ ವರ್ಷ ಆಗಸ್ಟ್ 23ಕ್ಕ ಹುಟ್ಟಿ ಸೆಪ್ಟೆಂಬರ್ 6ಕ್ಕ ಸತ್ತೋತು. ಎರಡು ವಾರ! ಅದಕ್ಕರ ರೊಕ್ಕ ವಾಪಸ್ ಕೊಟ್ರು.

ಬಿಸಿನೆಸ್ ಲಾ ಪೇಪರ್ ನೆನಸ್ಕೋರಿ. ಸೇಲ್ ಆಫ್ ಗೂಡ್ಸ್ ಆಕ್ಟ್, 1930. ಬೆಲಿಗೆ ಬದಲಾಗಿ ಮಾಲಿನ ಒಡೆತನ ಮಾರಾವನಿಂದ ಕೊಳ್ಳಾವನಿಗೆ ದಾಟಿದ್ರ ಅದು ಸೇಲ್. ಸಂತಿಯಾಗ ಎತ್ತು ಕೊಂಡ ಮ್ಯಾಲೆ, ಹತ್ತು ವರ್ಷ ಬಿಟ್ಟು ಮಾರಿದಾವ ರಾತ್ರಿ ಬಂದು ಹಗ್ಗ ಬಿಚ್ಚಿಕೊಂಡು ಹೋದ್ರ ನಿಮ್ಮಪ್ಪ ಸುಮ್ಮ ಕುಂಡ್ರತಾನ? ಗೇಮ್ ಕಂಪನಿಗಳು ಬಟನ್ ಮ್ಯಾಲೆ "ಬೈ" ಅಂತ ಬರದು, ಒಳಗ ಸಣ್ಣ ಅಕ್ಷರದಾಗ "ಲೈಸೆನ್ಸ್" ಅಂತ ಬರೀತಾವ. ಬಾಡಿಗಿಗೆ ಕೊಡಾಕತ್ತೀರಿ ಅಂದ್ರ ಬಾಡಿಗಿ ಅಂತ ಹೇಳ್ರಿ, ಎಷ್ಟು ದಿನ ಅಂತನೂ ಹೇಳ್ರಿ.

4/5
(ಫೋಟೊ: ಪಿಂಗ್ 412. ದೇವರಾಣಿ ಎಡಿಟ್ ಅಲ್ಲ)

ಸ್ಟೀಮೂ ಸಾಚಾ ಅಲ್ಲ, ಅದೂ ಲೈಸೆನ್ಸ್. ಪಿಸಿ ಭಕ್ತರು ಇದನ್ನ ಮುಚ್ಚಿಡ್ತಾರ, ನಾ ಮುಚ್ಚಿಡಂಗಿಲ್ಲ. ಆದ್ರ ಪಿಸಿಯಾಗ ಒಂದು ಕಿಟಕಿ ತೆರದೈತಿ. ಜಿಓಜಿಯಾಗ ಗೇಮ್ ತಗೊಂಡ್ರ ಇನ್‌ಸ್ಟಾಲರ್ ಇಳಿಸಿ ಪೆನ್‌ಡ್ರೈವ್‌ನ್ಯಾಗ ಇಟ್ಕೋಬಹುದು, ನೆಟ್ ಬ್ಯಾಡ, ಕಂಪನಿ ಮುಳುಗಿದ್ರೂ ನಡೀತೈತಿ. ಕನ್ಸೋಲಿನ್ಯಾಗ ಡಿಸ್ಕ್ ಅನ್ನೋದು ಅಂಥಾ ಕಿಟಕಿ ಆಗಿತ್ತು, ಓದಿದ ಮ್ಯಾಲೆ ಮಾರಬಹುದಿತ್ತು. ಈಗ 2024ರ ಪಿಎಸ್5 ಪ್ರೋಗೆ ಡಿಸ್ಕ್ ಡ್ರೈವನ ಇಲ್ಲ, ಬೇಕಂದ್ರ ಬ್ಯಾರೆ ಕೊಳ್ಳಬೇಕು.

ಇದು ಬೆಂಗಳೂರಿನವರಿಗೆ ಸಣ್ಣ ವಿಷಯ. ನಮಗಲ್ಲ. ಸವದತ್ತಿಯಿಂದ ಮುಂಬೈಗೆ ನೇರ ಗೆರಿ ಹೊಡದ್ರ ಸುಮಾರು 440 ಕಿ.ಮೀ. ಫೈಬರಿನ್ಯಾಗ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡ್ತೈತಿ. ಹೋಗಿ ಬರಾಕ 5 ಮಿಲಿಸೆಕೆಂಡೂ ಬ್ಯಾಡ. ನನಗ ಬರೋದು 58, ಅದೂ ಒಳ್ಳೇ ದಿನ. ನಡುವಿನ ಹೊತ್ತೆಲ್ಲಾ ಸುತ್ತು ಹಾದಿ ಮತ್ತ ಗದ್ದಲ ತಿಂತಾವ. ಹುಣ್ಣಿಮಿ ಬಂತಂದ್ರ ಲಕ್ಷಗಟ್ಟಲೆ ಮಂದಿ, ಎಲ್ಲಾರ ಕೈಯಾಗ ಫೋನ್, ಎಲ್ಲಾರೂ ವಿಡಿಯೊ ಕಾಲ್. ಆವಾಗ ಉಧೋ ಉಧೋ ಅನ್ನೋದೊಂದ ಉಳದಿದ್ದು. ನಡುವ ಕರೆಂಟ್ ಹೋತು ಅಂದ್ರ ವ್ಯಾಲರಂಟ್ ನನ್ನನ್ನ ಓಡಿಹೋದಾವ ಅಂತ ತಿಳಕೊಂಡು ಪೆನಾಲ್ಟಿ ಹಾಕ್ತೈತಿ.

ಮೊಬೈಲ್ ಮಂದಿ ನಗಬ್ಯಾಡ್ರಿ. 2020ರ ಸೆಪ್ಟೆಂಬರ್ 2ಕ್ಕ ಪಬ್‌ಜಿ ಹೋದಾಗ, 2022ರ ಜುಲೈಯಾಗ ಬಿಜಿಎಂಐ ಸ್ಟೋರಿನಿಂದ ಮಾಯ ಆದಾಗ, ಇದ ಕ್ಲಾಸಿನ ಮಂದಿ ಅತ್ತಿದ್ದು ನನಗ ನೆನಪೈತಿ. ಬಂದ್ ಮಾಡಿದ್ದು ಸರಿಯೋ ತಪ್ಪೋ ಬಿಡ್ರಿ, ಸ್ವಿಚ್ ನಿಮ್ಮ ಕೈಯಾಗ ಇರಲಿಲ್ಲ.

5/5
(ಫೋಟೊ: ನಾಲ್ಕು ಡಬ್ಬಿ, ಒಂದು ಚಾಪಿ)

"ನೀ ಒಂಬತ್ತನೇ ಕ್ಲಾಸಿನ್ಯಾಗ ಕ್ರ್ಯಾಕ್ ಹಾಕಿ ಆಡಿದಾವ, ಈಗ ಕಾನೂನು ಹೇಳ್ತಿ" ಅಂತ ಯಾರರ ಬರದ ಬರೀತೀರಿ. ಹೌದು, ಆಡೀನಿ. ಆ ಕ್ರ್ಯಾಕ್ ಹಾಕಿದ ಗೇಮ್ ಇನ್ನೂ ನಡೀತೈತಿ, ರೊಕ್ಕ ಕೊಟ್ಟದ್ದು ಸತ್ತೈತಿ. ಇದು ನನ್ನ ನಾಚಿಕೆನೋ ಅವರ ನಾಚಿಕೆನೋ ನೀವ ಹೇಳ್ರಿ.

ಹೋದ ಐತವಾರ ನಮ್ಮ ಮನಿ ಪಡಸಾಲ್ಯಾಗ ಕೌಂಟರ್ ಸ್ಟ್ರೈಕ್ 1.6. 2003ರ ಗೇಮ್, ನಮ್ಮೆಲ್ಲಾರಕಿಂತ ವಯಸ್ಸಿನ್ಯಾಗ ದೊಡ್ಡದು. ಐದು ಪೋರ್ಟಿನ ಸ್ವಿಚ್, ನಾಲ್ಕು ವೈರ್, ಸರ್ವರ್ ನನ್ನ ಗುಜರಿ. ನೆಟ್ ಇರಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ಪಿಂಗ್ ಒಂದಂಕಿ. ಚೀಟ್ ಹಾಕಿದಾವನ ಬೆನ್ನಿಗೆ ಕೈಯಿಂದನ ಗುದ್ದು. ಅವ್ವ ಎರಡು ಸಲ ಚಹಾ ತಂದ್ಲು, ಮೂರನೇ ಸಲ ಬೈದ್ಲು.

ಈ ಐತವಾರ ಮತ್ತ ಐತಿ, ಮಧ್ಯಾಹ್ನ ಊಟ ಆದ ಮ್ಯಾಲೆ. ಪಿಎಸ್5 ಒತ್ತಿದವರೂ ಬರ್ರಿ. ಎಕ್ಸ್‌ಟೆನ್ಷನ್ ಬಾಕ್ಸ್ ಒಂದು ಕಡಿಮಿ ಬಿದ್ದೈತಿ, ಯಾರರ ತರ್ರಿ.