ಬಿಳಿನೊಣ ಸತ್ತರಷ್ಟೇ ಸಾಕೇ?

ಹಸಿರುಮನೆಯಲ್ಲಿ ಬೆಳೆದ ಟೊಮೆಟೊ ಗಿಡವನ್ನು ಮೆಲ್ಲಗೆ ಅಲುಗಿಸಿದರೆ ಕೆಲವೊಮ್ಮೆ ಎಲೆಗಳ ಅಡಿಯಿಂದ ಬಿಳಿಯ ಪುಡಿ ಹಾರಿದಂತೆ ಕಾಣುತ್ತದೆ. ಅವೇ ಬಿಳಿನೊಣಗಳು. ಹೆಸರಿಗಷ್ಟೇ ನೊಣ, ಇವು ಸಸ್ಯಹೇನಿನ ನೆಂಟರು. ಎಲೆಯ ರಸ ಹೀರಿ ಅಂಟು ಸುರಿಸುತ್ತವೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಚಳಿ, ಮಳೆ ತಾಗದ ಹಸಿರುಮನೆಯೊಳಗೆ ಇವುಗಳಿಗೆ ವರ್ಷವಿಡೀ ಸುಗ್ಗಿ.

1926ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನ ಟೊಮೆಟೊ ಬೆಳೆಗಾರನೊಬ್ಬನಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಎಲೆಗೆ ಅಂಟಿ ಕುಳಿತ ಬಿಳಿನೊಣದ ಮರಿಗಳಲ್ಲಿ ಕೆಲವು ಕಪ್ಪಗಾಗಿದ್ದವು. ಆ ಕಪ್ಪು ಚಿಪ್ಪುಗಳಿಂದ ಹೊರಬಂದದ್ದು ಬಿಳಿನೊಣವಲ್ಲ, ಒಂದು ಮಿಲಿಮೀಟರ್ ಉದ್ದವೂ ಇಲ್ಲದ ಕಣಜ! ಹೆಸರು ಎನ್ಕಾರ್ಸಿಯಾ ಫಾರ್ಮೋಸಾ. ಹೆದರಬೇಡಿ, ಇದು ಮನುಷ್ಯರನ್ನು ಕಚ್ಚುವುದಿಲ್ಲ. ಹೆಣ್ಣು ಕಣಜ ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುತ್ತದೆ. ಅಲ್ಲಿ ಹುಟ್ಟಿದ ಹುಳು ಇದ್ದ ಮನೆಯನ್ನೇ ತಿಂದು ಬೆಳೆದು, ದುಂಡನೆಯ ತೂತು ಕೊರೆದು ಹೊರಬೀಳುತ್ತದೆ. ಕೆಲವೇ ವರ್ಷಗಳಲ್ಲಿ ಚೆಷಂಟ್‌ನ ಸಂಶೋಧನಾ ಕೇಂದ್ರ ವರ್ಷಕ್ಕೆ ಸುಮಾರು 15 ಲಕ್ಷ ಕಣಜಗಳನ್ನು ಬೆಳೆಗಾರರಿಗೆ ಹಂಚತೊಡಗಿತು.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿಯಂಥ ಹೊಸ ವಿಷಗಳು ಬಂದವು, ಕಣಜ ಮೂಲೆ ಸೇರಿತು. ಅದನ್ನು ಮರಳಿ ಕರೆತಂದ ಕಾರಣ ಸ್ವಾರಸ್ಯಕರ. ಸೌತೆಯ ಎಲೆ ಒಣಗಿಸುವ ಜೇಡನುಸಿಗೆ ವಿಷ ನಾಟದಂತಾದಾಗ, 1960ರ ದಶಕದ ಕೊನೆಗೆ ಹಾಲೆಂಡಿನಲ್ಲಿ ಅದನ್ನು ತಿನ್ನುವ ಇನ್ನೊಂದು ನುಸಿಯನ್ನು ತಂದು ಬಿಟ್ಟರು. ಅದೇನೋ ಚೆನ್ನಾಗಿ ದುಡಿಯಿತು. ಆದರೆ ಬಿಳಿನೊಣಕ್ಕೆಂದು ಹೊಡೆದ ಮದ್ದಿಗೆ ಈ ಬೇಟೆಗಾರನೂ ಸಾಯುತ್ತಿತ್ತಲ್ಲ! ಬಿಳಿನೊಣಕ್ಕೂ ವಿಷವಿಲ್ಲದ ಉಪಾಯ ಬೇಕಾಯಿತು, ಹಳೆಯ ಕಣಜದ ನೆನಪಾಯಿತು. 1980ರ ದಶಕದ ಕೊನೆಗೆ ಟೊಮೆಟೊ ಹೂವಿನ ಪರಾಗಸ್ಪರ್ಶಕ್ಕೆ ಬಂಬಲ್‌ಬೀ ದುಂಬಿಗಳನ್ನು ಸಾಕಲು ಶುರುಮಾಡಿದ ಮೇಲಂತೂ ಬೆಳೆಗಾರ ಸಿಂಪಡಣೆಯ ಪಂಪು ಮುಟ್ಟುವ ಮುನ್ನ ಎರಡು ಬಾರಿ ಯೋಚಿಸಬೇಕಾಯಿತು.

ಹಾಗಾದರೆ ವಿಷವೇ ಬೇಡವೇ? ಎಲ್ಲ ಕೀಟಕ್ಕೂ ಒಂದೊಂದು ಕಣಜವಿಲ್ಲ, ಕೆಲವೊಮ್ಮೆ ಮದ್ದು ಹೊಡೆಯಲೇಬೇಕು. ಯಾವುದನ್ನು ಎಂಬುದೇ ಪ್ರಶ್ನೆ. ಸಾಬೂನಿನ ದ್ರಾವಣ ಒದ್ದೆಯಿರುವಾಗ ತಾಗಿದ ಕಣಜವನ್ನೂ ಕೊಲ್ಲುತ್ತದೆ, ಆರಿದ ಮೇಲೆ ನಿರಪಾಯ. ಬೀಟಿ ಬ್ಯಾಕ್ಟೀರಿಯಾದ ಪುಡಿಗಳಲ್ಲಿ ಕಂಬಳಿಹುಳುಗಳಿಗೆಂದೇ ಇರುವಂಥದ್ದು ಕಣಜದ ತಂಟೆಗೆ ಹೋಗುವುದಿಲ್ಲ. ಪೈರೆಥ್ರಾಯ್ಡ್ ವರ್ಗದ ಹಲವು ವಿಷಗಳ ಶೇಷವಾದರೋ ಎಲೆಯ ಮೇಲೆ ವಾರಗಟ್ಟಲೆ ಉಳಿಯುತ್ತದೆ. ಸಿಂಪಡಿಸಿದ ದಿನ ಕಪ್ಪು ಚಿಪ್ಪಿನೊಳಗೆ ಬೆಚ್ಚಗಿದ್ದ ಕಣಜ ಆಮೇಲೆ ಹೊರಬಂದು ಅದೇ ಎಲೆಯ ಮೇಲೆ ನಡೆಯಬೇಕು. ಬದುಕಿ ಉಳಿದರೂ ಮೊಟ್ಟೆ ಕಡಿಮೆಯಾಗಬಹುದು, ಬಿಳಿನೊಣ ಹುಡುಕುವ ಚುರುಕು ಹೋಗಬಹುದು. ಸತ್ತ ಕಣಜವನ್ನು ಎಣಿಸಿದರೆ ಈ ನಷ್ಟ ಲೆಕ್ಕಕ್ಕೇ ಸಿಗದು.

ಡಬ್ಬಿಯ ಮೇಲೆ 'ಕೊಯ್ಲಿಗೆ ಇಷ್ಟು ದಿನ ಮುಂಚೆ ನಿಲ್ಲಿಸಿ' ಎಂದಿರುತ್ತದಷ್ಟೆ. ಅದು ತಿನ್ನುವವರ ಲೆಕ್ಕ, ಕಣಜದ್ದಲ್ಲ. 'ಸಾವಯವ' ಎಂಬ ಮಾತನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಮಣ್ಣಿನ ಸೂಕ್ಷ್ಮಜೀವಿಯಿಂದ ಬರುವ ಸ್ಪೈನೋಸ್ಯಾಡ್ ಇಂಥ ಕಣಜಗಳಿಗೆ ಮಾರಕ.

ಇದನ್ನು ಅಳೆಯಲು ಜೈವಿಕ ನಿಯಂತ್ರಣದ ಅಂತರರಾಷ್ಟ್ರೀಯ ಸಂಘಟನೆಯ ತಜ್ಞರು ಒಂದು ಕ್ರಮ ರೂಪಿಸಿದ್ದಾರೆ. ಗಾಜಿನ ಮೇಲೆ ಮದ್ದು ಹಾಕಿ, ಆರಿದ ಮೇಲೆ ಕೀಟವನ್ನು ಬಿಡುತ್ತಾರೆ. ಶೇಕಡಾ 30ಕ್ಕಿಂತ ಕಡಿಮೆ ಹಾನಿಯಾದರೆ ನಿರಪಾಯ, 99ಕ್ಕಿಂತ ಹೆಚ್ಚಾದರೆ ಅಪಾಯಕರ, ನಡುವೆ ಇನ್ನೆರಡು ವರ್ಗ. ಗಾಜಿನ ಮೇಲೆ ಕೀಟಕ್ಕೆ ಅಡಗಲು ಜಾಗವಿಲ್ಲ. ಅಲ್ಲಿ ಗೆದ್ದ ಮದ್ದಿಗೆ ಮತ್ತೆ ಪರೀಕ್ಷೆಯಿಲ್ಲ, ಸೋತದ್ದನ್ನು ಗಿಡದ ಮೇಲೂ ಹೊಲದಲ್ಲೂ ಮತ್ತೆ ನೋಡುತ್ತಾರೆ.

ಈ ಕಣಜದ ದಾಯಾದಿಯೊಂದು ನಮ್ಮ ತೆಂಗಿನ ತೋಟಗಳಲ್ಲೂ ಇದೆ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡ ಸುರುಳಿ ಬಿಳಿನೊಣ ಕರ್ನಾಟಕಕ್ಕೂ ಹಬ್ಬಿತು. ಅದರ ಮರಿಗಳಲ್ಲಿ ಎನ್ಕಾರ್ಸಿಯಾ ಗ್ವಾಡೆಲೂಪೆ ಮೊಟ್ಟೆ ಇಡುತ್ತಿರುವುದು ತಿಳಿದಾಗ ವಿಜ್ಞಾನಿಗಳು ರೈತರಿಗೆ ಕೊಟ್ಟ ಸಲಹೆ, ಕೀಟನಾಶಕ ಸಿಂಪಡಿಸಬೇಡಿ ಎಂದು. ಕಣಜವಿರುವ ಗರಿಯ ತುಂಡುಗಳನ್ನು ಕತ್ತರಿಸಿ, ಅದಿಲ್ಲದ ತೋಟದ ಮರಗಳಿಗೆ ಕಟ್ಟಿ ಎಂದೂ ಹೇಳಿದರು.